ಸಾಹೇಬರ ಖೋಲಿ

ಏಪ್ರಿಲ್ ಎಂಟನೇ ತಾರೀಖು, ಮಂಗಳವಾರ. ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಮೊರಬದ ಬಸ್ಸಿನಿಂದ ಇಳಿದ ಮುದುಕರೊಬ್ಬರು ನವಲಗುಂದ ಪೊಲೀಸ್ ಠಾಣೆಯ ಮೆಟ್ಟಿಲು ಹತ್ತಿದರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೊಪ್ಪಿಗೆ. ಮಡಿಸಿದ ಟವೆಲ್ಲೊಂದನ್ನು ಎರಡೂ ಅಂಗೈ ಮೇಲೆ ಅಡ್ಡ ಹಿಡಿದಿದ್ದರು. ಒಳಗಿದ್ದದ್ದು ಮುರಿದೀತು ಎಂಬಂತೆ ನಿಧಾನ ನಡೆಯುತ್ತಿದ್ದರು.

"ಏನ್ ತಂದೀರಿ ಅಜ್ಜಾರ?" ಹೆಡ್ ಕಾನ್‌ಸ್ಟೆಬಲ್ ಲಕ್ಷ್ಮಣಪ್ಪ ಕೇಳಿದ.

"ಸಾಹೇಬ್ರ ಚಿತ್ರ ಐತ್ರಿ."

"ಯಾವ ಸಾಹೇಬ್ರು?"

"ವಿಲಿಯಂ ಪಿಟ್. ಇಂಗ್ಲೆಂಡಿನ ಪ್ರಧಾನಮಂತ್ರಿ ಆಗಿದ್ದಾವ್ರಿ. ಸತ್ತು ಇನ್ನೂರು ವರ್ಷದ ಮ್ಯಾಲಾತು. ಅವನ ಕಣ್ಣು ಕಿತ್ತಾರ್ರಿ."

ಲಕ್ಷ್ಮಣಪ್ಪ ನಗು ತಡೆಯಲು ಮುಖ ಗೋಡೆ ಕಡೆ ತಿರುಗಿಸಿದ. ಒಳಗೆ ಕೂತಿದ್ದ ಸಬ್ ಇನ್‌ಸ್ಪೆಕ್ಟರ್ ಸುಧಾರಾಣಿಗೆ ಮಾತು ಕೇಳಿಸಿತ್ತು. ಮುದುಕರ ದನಿಯಲ್ಲಿದ್ದ ನಡುಕವೂ ಕೇಳಿಸಿತ್ತು. ಅವರನ್ನು ಒಳಗೆ ಕರೆಸಿ ಕೂರಿಸಿದಳು.

ಅವರ ಹೆಸರು ಶಿದ್ಲಿಂಗಪ್ಪ, ವಯಸ್ಸು ಎಪ್ಪತ್ತೊಂದು. ನವಲಗುಂದದಲ್ಲಿ ಲಗ್ನಪತ್ರಿಕೆ ಅಚ್ಚು ಹಾಕುವ ಪ್ರೆಸ್ಸು ನಡೆಸಿ, ಕಂಪ್ಯೂಟರು ಬಂದ ಮೇಲೆ ಮುಚ್ಚಿ, ಈಗ ಮೊರಬದ ಮನೆಯಲ್ಲಿ ಇದ್ದವರು. ಟವೆಲ್ ಬಿಚ್ಚಿದರು. ಹಳದಿಗೆ ತಿರುಗಿದ ದಪ್ಪ ಕಾಗದ. ಅದರ ಮೇಲೆ ಕೂದಲಿಗಿಂತ ಸಣ್ಣ ಸಾವಿರಾರು ಗೆರೆಗಳಲ್ಲಿ ಮೂಡಿದ ಒಂದು ಮುಖ. ಉದ್ದ ಮೂಗು, ಬಿಗಿದ ತುಟಿ, ಕತ್ತಿನ ಸುತ್ತ ಬಿಳಿ ಬಟ್ಟೆ. ಕಣ್ಣುಗಳಿರಬೇಕಾದಲ್ಲಿ ಎರಡು ತೂತು. ತೂತಿನಿಂದ ಟವೆಲ್ಲಿನ ಕೆಂಪು ಬಣ್ಣ ಕಾಣುತ್ತಿತ್ತು.



"ಇಲಿ ಇರಬಹುದಲ್ರಿ," ಬಾಗಿಲಲ್ಲಿ ನಿಂತಿದ್ದ ಲಕ್ಷ್ಮಣಪ್ಪ ಹೇಳಿದ.

"ಇಲಿ ಕಣ್ಣಷ್ಟ ತಿಂತೈತೇನ್ರಿ? ಹೋದ ತಿಂಗಳ ಫಾಕ್ಸ್ ಸಾಹೇಬಂದು ಹಿಂಗ ಆತು. ಹುಳ ಅಂದ್ಕೊಂಡೆ. ಆಮ್ಯಾಲೆ ವಾಲ್‌ಪೋಲ್. ಆಗೂ ಸುಮ್ಮನಿದ್ದೆ. ನಿನ್ನೆ ಸಂಜಿಮುಂದ ಇದೂ, ಇದರ ಬಾಜೂಕ ಇನ್ನೊಂದೂ ಸಿಕ್ವು." ಶಿದ್ಲಿಂಗಪ್ಪ ಟವೆಲ್ಲಿನ ಕೆಳಗಿನ ಮಡಿಕೆ ತೆಗೆದರು.

ಅದು ಮದುವೆಯ ಫೋಟೋ. ಇಪ್ಪತ್ತೈದರ ಶಿದ್ಲಿಂಗಪ್ಪ, ಪಕ್ಕದಲ್ಲಿ ಸೆರಗು ಹೊದ್ದ ಹೆಂಡತಿ. ಹೆಂಡತಿಯ ಮುಖಕ್ಕೆ ಏನೂ ಆಗಿರಲಿಲ್ಲ. ಮದುಮಗನ ಎರಡೂ ಕಣ್ಣುಗಳನ್ನು ಬ್ಲೇಡಿನಿಂದ ಸುತ್ತ ಕೊಯ್ದು ತೆಗೆದಿದ್ದರು.

ಲಕ್ಷ್ಮಣಪ್ಪ ನಗುವುದನ್ನು ಬಿಟ್ಟ.

"ಯಾರ ಮ್ಯಾಲರೆ ಸಂಶಯ?" ಸುಧಾರಾಣಿ ಕೇಳಿದಳು.

"ಯಾರ ಮ್ಯಾಲೂ ಇಲ್ರಿ."

"ಚಿತ್ರ ಇಡೂ ಖೋಲಿಗೆ ಹೊರಗಿನವರು ಯಾರು ಬರತಾರ?"

"ಮನಿ ಮಂದಿ ಬಿಟ್ರ ಯಾರೂ ಇಲ್ರಿ."

ದೂರು ಬರೆಸಿಕೊಂಡು, ಅತಿಕ್ರಮ ಪ್ರವೇಶ, ಹಾನಿ ಮತ್ತು ಬೆದರಿಕೆಯ ಕಲಂಗಳಡಿ ಎಫ್‌ಐಆರ್ ದಾಖಲಾಯಿತು.

ಮಧ್ಯಾಹ್ನ ಮೂರಕ್ಕೆ ಜೀಪು ಮೊರಬ ತಲುಪಿತು. ಕಡಲೆ ಕಿತ್ತು ಖಾಲಿಯಾದ ಎರೆಹೊಲ ಬಿರುಕು ಬಿಟ್ಟು ಬಿದ್ದಿತ್ತು. ಬಿಸಿಲಿಗೆ ಓಣಿಯಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲರ ಬಾಗಿಲೂ ಅರ್ಧ ತೆರೆದು, ಎಲ್ಲರೂ ಒಳಗೆ ಮಲಗಿದ್ದ ಹೊತ್ತು. ಯಾರು ಯಾರ ಮನೆಗೆ ಹೊಕ್ಕರೂ ಕೇಳುವವರಿಲ್ಲ ಎಂದು ಸುಧಾರಾಣಿಗೆ ಅನ್ನಿಸಿತು.

ಶಿದ್ಲಿಂಗಪ್ಪನವರ ಹೆಂಡತಿ ರೇಣುಕವ್ವ ಪಡಸಾಲೆಯಲ್ಲೇ ಕಾದಿದ್ದಳು. ನಿನ್ನೆಯಿಂದ ಆಕೆ ಒಲೆ ಹೊತ್ತಿಸಿರಲಿಲ್ಲ.

"ಮೊದಲ ಕಾಗದ ಕೊಯ್ದರು. ಆಮ್ಯಾಲೆ ಫೋಟೋ ಕೊಯ್ದರು," ಎಂದಳು, ದನಿ ತಗ್ಗಿಸಿ. "ಇನ್ನ ಉಳಿದಿದ್ದು ಏನ್ರಿ ಮೇಡಂ?"

ಆ ಪ್ರಶ್ನೆ ಜೀಪಿನಲ್ಲಿ ಬರುವಾಗಲೇ ಸುಧಾರಾಣಿಯ ತಲೆಯಲ್ಲೂ ಬಂದಿತ್ತು.

ಚಿತ್ರಗಳಿದ್ದ ಕೋಣೆಗೆ ಊರವರು ಇಟ್ಟ ಹೆಸರು ಸಾಹೇಬರ ಖೋಲಿ. ಹಿತ್ತಲ ಕಡೆಗೆ ಸರಳಿನ ಒಂದು ಕಿಟಕಿ, ಪಡಸಾಲೆ ಕಡೆಗೆ ಒಂದು ಬಾಗಿಲು, ಒಳಗಿನಿಂದ ಚಿಲಕ. ನಾಲ್ಕೂ ಗೋಡೆ ತುಂಬ ಕಟ್ಟು ಹಾಕಿದ ಚಿತ್ರಗಳು. ಇಬ್ಬರು ಪಂಚರ ಸಮಕ್ಷಮ ಲಕ್ಷ್ಮಣಪ್ಪ ಪಂಚನಾಮೆ ಬರೆಯತೊಡಗಿದ. ಶಿದ್ಲಿಂಗಪ್ಪ ಒಂದೊಂದೇ ಹೆಸರು ಹೇಳುತ್ತ ಹೋದರು: ಕ್ಯಾನಿಂಗ್, ಪೀಲ್, ದೊಡ್ಡ ಪಿಟ್, ಗ್ರೆನ್ವಿಲ್.

"ಇವನ್ನೆಲ್ಲ ಯಾಕ ಕೂಡಿಸಿದ್ರಿ?" ಸುಧಾರಾಣಿ ಕೇಳಿದಳು.

"ಪ್ರೆಸ್ಸಿನಾಗ ಲಗ್ನಪತ್ರಿಕಿ ಚಿತ್ರದ ಬ್ಲಾಕ್ ಕೊರಿಯಾಕ ಗೆರಿ ಕಲೀಬೇಕಿತ್ರಿ. ಹುಬ್ಬಳ್ಳಿ ರದ್ದಿ ಅಂಗಡ್ಯಾಗ ಒಂದು ಹರಕ ಪುಸ್ತಕ ಸಿಕ್ತು. ಅದರಾಗ ಈ ಮಂದಿ ಇದ್ದರು. ತಾಮ್ರದ ತಗಡಿನ ಮ್ಯಾಲೆ ಕೈಲೇ ಕೆತ್ತಿ, ಮಸಿ ತುಂಬಿ ಒತ್ತಿ ತಗದದ್ದು. ಬೆರಳ ಇಟ್ಟು ನೋಡ್ರಿ, ಗೆರಿ ಎದ್ದು ನಿಂತಿರತಾವ." ಅವರ ಮುಖದಲ್ಲಿ ಅರೆಕ್ಷಣ ಬೆಳಕು ಬಂತು. "ಒಂದು ಸಿಕ್ಕ ಮ್ಯಾಲೆ ಇನ್ನೊಂದು ಬೇಕನಸ್ತು. ಮುಂಬೈ, ಪುಣೆ ಎಲ್ಲಾ ತಿರಗಿದ್ವಿ. ನಮ್ಮನ್ನ ಆಳಿದ ಮಂದೀನ್ನ ಗ್ವಾಡಿಗೆ ಹಾಕ್ಯಾನ ಅಂತ ಊರಾಗ ಬೈದ್ರು. ಆದ್ರ ಈ ಬರ್ಕ್ ಸಾಹೇಬ ನೋಡ್ರಿ, ಕಂಪನಿ ಸರ್ಕಾರದ ಲೂಟಿ ಬಗ್ಗೆ ಅವರ ಪಾರ್ಲಿಮೆಂಟಿನಾಗ ನಿಂತು..."

ಮಾತು ಅಲ್ಲಿಗೇ ನಿಂತಿತು. ಗೋಡೆಗುಂಟ ನಡೆಯುತ್ತಿದ್ದ ಸುಧಾರಾಣಿಯೂ ನಿಂತಳು. ಅಲ್ಲಿಯವರೆಗೆ ಪ್ರತಿ ಚಿತ್ರದ ಕಣ್ಣುಗಳೂ ಅವಳನ್ನು ನೋಡಿದ್ದವು. ಕಿಟಕಿಯ ಪಕ್ಕದ ಆ ಚಿತ್ರ ನೋಡಲಿಲ್ಲ. ಗಾಜಿನ ಹಿಂದೆ ಬರ್ಕ್ ಸಾಹೇಬನ ಕಣ್ಣಿನ ಜಾಗದಲ್ಲಿ ಕಟ್ಟಿನ ಹಲಗೆ ಕಂದಾಗಿ ಕಾಣುತ್ತಿತ್ತು.

"ಮುಂಜಾನೆ ಸುದ್ದ ಇದ್ವು," ಶಿದ್ಲಿಂಗಪ್ಪ ಪಿಸುಗುಟ್ಟಿದರು. "ಬಸ್ಸಿಗೆ ಹೋಗೂ ಮುಂದ ನೋಡೇನಿ. ಇದ್ವು."

ಅಂದರೆ ಅವರು ಠಾಣೆಯಲ್ಲಿ ದೂರು ಬರೆಸುತ್ತಿದ್ದಾಗ ಯಾರೋ ಇಲ್ಲಿ ಬಂದು ಕಟ್ಟು ಇಳಿಸಿ, ಹಿಂದಿನ ಮೊಳೆ ಬಾಗಿಸಿ, ಕಣ್ಣು ತೆಗೆದು, ಮತ್ತೆ ಕಟ್ಟು ಕೂಡಿಸಿ ಅದೇ ಮೊಳೆಗೆ ನೇತುಹಾಕಿದ್ದರು. ರೇಣುಕವ್ವ ಆಗ ಒಲೆ ಹೊತ್ತಿಸದ ಅಡುಗೆಮನೆಯಲ್ಲಿ ಸುಮ್ಮನೆ ಕೂತಿದ್ದಳು. ಆಕೆಗೆ ಒಂದು ಸಪ್ಪಳವೂ ಕೇಳಿರಲಿಲ್ಲ.

ಬರ್ಕ್ ಚಿತ್ರವನ್ನು ಕಟ್ಟಿನ ಸಮೇತ ಜಪ್ತಿ ಮಾಡಲಾಯಿತು. ಬೆರಳಚ್ಚು ಪರೀಕ್ಷೆಗೆ ಧಾರವಾಡಕ್ಕೆ ಕಳಿಸಬೇಕಿತ್ತು. ಮರುದಿನದಿಂದ ಮನೆಯ ಕಾವಲಿಗೆ ಕಾನ್‌ಸ್ಟೆಬಲ್ ಫಕೀರೇಶನನ್ನು ಹಾಕಿದಳು.

ಬುಧವಾರ ಬೆಳಿಗ್ಗೆ ಶಿದ್ಲಿಂಗಪ್ಪನವರ ಮಗ ಸಿದ್ಧಾರೂಢನ ವಿಚಾರಣೆ ನಡೆಯಿತು. ಆ ಕೋಣೆಯಲ್ಲಿ ಗೊಬ್ಬರದ ಅಂಗಡಿ ಹಾಕಬೇಕೆಂದು ಅವನು ಅಪ್ಪನ ಜೊತೆ ಜಗಳಾಡಿದ್ದನ್ನು ಓಣಿಯೆಲ್ಲ ಕೇಳಿತ್ತು.

"ಚಿತ್ರಾ ಸುಡ್ರಿ ಅಂದಿದ್ದಿ ಹೌದಿಲ್ಲೋ?"

"ಅಂದಿದ್ದೆ ಮೇಡಂ. ಸಿಟ್ಟಿನಾಗ ಅಂದಿದ್ದೆ."

"ಸೋಮವಾರ ಮಧ್ಯಾಹ್ನ ಎಲ್ಲಿದ್ದಿ?"

"ಹುಬ್ಬಳ್ಳ್ಯಾಗ. ಟ್ರ್ಯಾಕ್ಟರ್ ರಿಪೇರಿಗೆ ಹಾಕಿದ್ದೆ. ಮಂಗಳವಾರ ಸಂಜಿಗೆ ಬಂದೇನಿ."

"ಅಪ್ಪನ ಕಣ್ಣು ಯಾಕ ಕೊಯ್ದಿ?"

ಅವನು ತಲೆ ಎತ್ತಿದ. "ನಾ ಮಾಡಿದ್ದಲ್ರಿ. ನನಗೂ ಅಂಜಿಕಿ ಆಗೇತ್ರಿ. ನಿನ್ನೆಯಿಂದ ನಮ್ಮಪ್ಪನ ಬಾಜೂಕ ಹಾಸಿಗಿ ಹಾಕ್ಕೊಂಡೇನಿ."

ಗ್ಯಾರೇಜಿನವರನ್ನು ಕೇಳಿದ್ದಾಯಿತು, ಫೋನಿನ ಲೊಕೇಶನ್ ತೆಗೆಸಿದ್ದಾಯಿತು. ಅವನು ಹೇಳಿದ್ದು ನಿಜವಿತ್ತು.

ಮಧ್ಯಾಹ್ನ ಸುಧಾರಾಣಿ ಮತ್ತೆ ಮೊರಬಕ್ಕೆ ಹೋದಾಗ ಸಾಹೇಬರ ಖೋಲಿಯ ಕುರ್ಚಿಯಲ್ಲಿ ಇನ್ನೊಬ್ಬ ಮುದುಕ ಕೂತಿದ್ದ. ತೆಳ್ಳಗೆ, ನೆಟ್ಟಗೆ. ದಪ್ಪ ಗಾಜಿನ ಕನ್ನಡಕ, ಬಲಗೈ ಬೆರಳುಗಳ ಮೇಲೆಲ್ಲ ಹಳೆಯ ಗಾಯದ ಬಿಳಿ ಗುರುತು.

"ನಮ್ಮ ಮುದಕಪ್ಪ್ರಿ," ಶಿದ್ಲಿಂಗಪ್ಪ ಪರಿಚಯ ಮಾಡಿಕೊಟ್ಟರು. "ಪ್ರೆಸ್ಸಿನಾಗ ಬ್ಲಾಕ್ ಕೊರಿಯಾವ ಇವನ. ಇವೆಲ್ಲಾ ನಾವಿಬ್ಬರೂ ಕೂಡಿ ತಂದದ್ದು. ಮೂರು ಮನಿ ಆಚೆ ಇರ್ತಾನ. ಊಟ ಆದ ಮ್ಯಾಲೆ ನಾ ಒಂದೀಟು ಮಲಕೊಂತೇನಿ, ಇವ ಇಲ್ಲೆ ಸಾಹೇಬ್ರನ ನೋಡಿಕೊಂತ ಕೂಡತಾನ."

"ನಿಮಗ ಯಾರ ಮ್ಯಾಲರೆ ಸಂಶಯ ಐತೇನ್ರಿ ಕಾಕಾ?" ಸುಧಾರಾಣಿ ಕೇಳಿದಳು.

ಮುದಕಪ್ಪ ತಲೆಯಾಡಿಸಿದ. ನಿಧಾನವಾಗಿ ಕೈ ಎತ್ತಿ ಕಿಟಕಿಯ ಪಕ್ಕದ ಗೋಡೆ ತೋರಿಸಿದ. "ನೋಡ್ರಿ ಬಾಯಾರ, ಬರ್ಕ್ ಸಾಹೇಬನ ಮಾರಿ ಹೆಂಗ ಆಗೇತಿ. ಆ ಮಾರಿ ಕೆತ್ತಿದಾವ ಎಷ್ಟ ದಿನಾ ಬಗ್ಗಿ ಕುಂತಿದ್ದನೋ. ನೋಡಾಕ ಆಗವಲ್ದು."

ಅವನ ಕೆನ್ನೆಯ ಮೇಲೆ ನೀರಿಳಿಯಿತು. ಸುಧಾರಾಣಿ ಅವನ ಮುಖವನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಅಣ್ಣಿಗೇರಿ ರಸ್ತೆಯಲ್ಲಿ ಲಾರಿ ಪಲ್ಟಿಯಾಗಿತ್ತು. ಅವಳು ಎದ್ದು ಹೊರಟಳು.

ಗುರುವಾರ ನಾಲ್ಕರ ಸುಮಾರಿಗೆ ಫಕೀರೇಶ ಫೋನ್ ಮಾಡಿದ.

"ಇನ್ನೊಂದು ಆಗೇತ್ರಿ ಮೇಡಂ. ನಾ ಬಾಗಲಾ ಬಿಟ್ಟು ಕದಲಿಲ್ರಿ. ದೇವರಾಣಿ."

"ಹೊರಗಿನವರು ಯಾರು ಬಂದಿದ್ರು?"

"ಯಾರೂ ಇಲ್ರಿ."

ಈ ಸಲ ಪೀಲ್ ಸಾಹೇಬ. ಮೇಜಿನ ಮೇಲೆ ಅಂಗಾತ ಇಟ್ಟಿದ್ದರು. ಬ್ಲೇಡು ತಾಗಿರಲಿಲ್ಲ. ಕಣ್ಣಿದ್ದ ಜಾಗದಲ್ಲಿ ಕಾಗದ ಹಳದಿಗಟ್ಟಿ, ಒದ್ದೆಯಾಗಿ ಕರಗಿ, ಅಂಚಿನಲ್ಲಿ ಪುಡಿಯಾಗುತ್ತಿತ್ತು. ಕೆಳಗಿನ ಮೇಜಿನ ಕಟ್ಟಿಗೆಯೂ ಎರಡು ಕಡೆ ಸುಟ್ಟಿತ್ತು. ಮೂಗಿಗೆ ಚುಚ್ಚುವ ವಾಸನೆ. ಶಿದ್ಲಿಂಗಪ್ಪ ಆ ವಾಸನೆಗೇ ಹಿಂದೆ ಸರಿದರು.

"ಆಸಿಡ್," ಎಂದರು. "ಸತುವಿನ ಬ್ಲಾಕ್ ತಿನ್ನಸೂ ಆಸಿಡ್. ನಮ್ಮ ಪ್ರೆಸ್ಸಿನಾಗ ಇಡ್ತಿದ್ವಿ."

ರೇಣುಕವ್ವ ಗಂಡನ ಮುಂದೆ ಬಂದು ನಿಂತುಬಿಟ್ಟಳು, ಯಾರೋ ಆಗಲೇ ಎರಚಲು ಬಂದ ಹಾಗೆ. ಸುಧಾರಾಣಿಗೆ ತನ್ನ ಕಣ್ಣುರೆಪ್ಪೆ ತನಗೇ ಭಾರವಾದಂತೆ ಅನ್ನಿಸಿತು. ಅವಳು ಆಸಿಡ್ ಬಿದ್ದ ಒಂದು ಮುಖವನ್ನು ತರಬೇತಿಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ನೋಡಿದ್ದಳು. ಅದನ್ನು ಈ ಮನೆಯಲ್ಲಿ ಯಾರಿಗೂ ಹೇಳುವ ಧೈರ್ಯ ಅವಳಿಗಿರಲಿಲ್ಲ.

"ಪ್ರೆಸ್ಸಿನ ಕೀಲಿ ಯಾರ ಹತ್ರ ಅದಾವ?"

"ನನ್ನ ಹತ್ರ ಒಂದು, ಮುದಕಪ್ಪನ ಹತ್ರ ಒಂದು. ಅವನ ಮ್ಯಾಲೆ ಮಾತ್ರ ಸಂಶಯ ಪಡಬ್ಯಾಡ್ರಿ. ಅವ ಅಂದ್ರ ನಾನ."

ಶುಕ್ರವಾರ ಬೆಳಿಗ್ಗೆ ಕೋರ್ಟಿನ ಕೆಲಸವಿತ್ತು. ಅದನ್ನು ಮುಗಿಸಿ ಮಧ್ಯಾಹ್ನ ಸುಧಾರಾಣಿ, ಲಕ್ಷ್ಮಣಪ್ಪ ನವಲಗುಂದದ ಹಳೆಯ ಪ್ರೆಸ್ಸಿನ ಬಾಗಿಲು ತೆಗೆದರು. ಬೀಗ ಒಡೆದಿರಲಿಲ್ಲ. ಒಳಗೆ ತುಕ್ಕು ಹಿಡಿದ ಮಷೀನು, ಮೂಲೆಯಲ್ಲಿ ಕಟ್ಟಿಗೆಯ ಮಾಡ. ಮಾಡದಲ್ಲಿ ಕಂದು ಗಾಜಿನ ಮೂರು ಬಾಟಲಿಗಳು, ಮೈತುಂಬ ಧೂಳು. ನಾಲ್ಕನೆಯದು ಇದ್ದ ಜಾಗದಲ್ಲಿ ದುಂಡಗೆ ಒಂದು ಶುಭ್ರ ಗುರುತು ಮಾತ್ರ ಉಳಿದಿತ್ತು. ಧೂಳಿನ ಮೇಲೆ ಬೆರಳು ಎಳೆದ ಗೆರೆಗಳು ಮಾಡದ ಒಂದು ತುದಿಯಿಂದ ಆ ಜಾಗದವರೆಗೆ ಬಂದಿದ್ದವು, ಒಂದೊಂದೇ ಬಾಟಲಿ ಮುಟ್ಟಿ ಮುಟ್ಟಿ ಎಣಿಸಿದಂತೆ.

"ಕತ್ತಲದಾಗ ತಡವ್ಯಾನ ನೋಡ್ರಿ," ಲಕ್ಷ್ಮಣಪ್ಪ ಹೇಳಿದ.

"ಇಲ್ಲೆ ಕತ್ತಲಾ ಎಲ್ಲೈತಿ?" ಎಂದಳು ಸುಧಾರಾಣಿ. ಹಂಚಿನ ನಡುವೆ ಹಾಕಿದ ಗಾಜಿನಿಂದ ಬಿಸಿಲು ಮಾಡದ ಮೇಲೇ ಬಿದ್ದಿತ್ತು.

ಅವಳು ಆ ಖಾಲಿ ಗುರುತನ್ನೇ ನೋಡುತ್ತ ನಿಂತಳು. ಖಾಲಿ ಜಾಗ. ಬಿಳಿ ಗೋಡೆ, ಒಂದು ಮೊಳೆ, ಕಟ್ಟು ಇದ್ದಲ್ಲಿ ಮಾಸದೆ ಉಳಿದ ಚೌಕ. ಬುಧವಾರ ಮುದಕಪ್ಪ ಕೈ ಎತ್ತಿ ತೋರಿಸಿದ್ದು ಅದನ್ನು. ಬರ್ಕ್ ಸಾಹೇಬನ ಮುಖ ನೋಡಿ ಎಂದಿದ್ದ. ಬರ್ಕ್ ಸಾಹೇಬ ಮಂಗಳವಾರವೇ ಜಪ್ತಿಯಾಗಿ ಠಾಣೆಯ ಅಲಮಾರು ಸೇರಿದ್ದ. ಇಲ್ಲದ ಚಿತ್ರವನ್ನು ತೋರಿಸಿ ಆ ಮನುಷ್ಯ ಅತ್ತಿದ್ದ.

ಅವನಿಗೆ ಕಣ್ಣು ಕಾಣುವುದಿಲ್ಲ.

ಅವಳು ಕೂಡಲೇ ಫೋನ್ ಮಾಡಿದಳು.

"ಫಕೀರೇಶ, ಮನ್ಯಾಗ ಯಾರದಾರ?"

"ಹೊರಗಿನವರು ಯಾರೂ ಇಲ್ರಿ ಮೇಡಂ. ಅಜ್ಜಾರು, ಅಮ್ಮಾರು ಅದಾರ. ಮಗ ಹೊಲಕ್ಕ ಹ್ವಾದ."

"ಮುದಕಪ್ಪ?"

"ಕಾಕಾ ದಿನದಂಗ ಬಂದಾರ್ರಿ. ಇಬ್ಬರೂ ಖೋಲ್ಯಾಗ ಮಾತಾಡಿಕೊಂತ ಕುಂತಾರ."

"ನಿನ್ನೆ?"

"ನಿನ್ನೇನೂ ಬಂದಿದ್ರಲ್ರಿ. ದಿನಾ ಬರತಾರ."

"ಓಡಬ್ಯಾಡ, ಒದರಬ್ಯಾಡ. ನೀರು ಬೇಕಂತ ಹೇಳಿ ಖೋಲಿ ಒಳಗ ಹೋಗು. ಅವನ ಕೈಯಾಗ ಏನೈತಿ ನೋಡು."

ಆ ಕಡೆಯಿಂದ ಚಪ್ಪಲಿಯ ಸಪ್ಪಳ, ಆಮೇಲೆ ಮೌನ, ಆಮೇಲೆ ಪಿಸುದನಿ: "ಒಳಗಿಂದ ಚಿಲಕಾ ಹಾಕ್ಯಾರ್ರಿ ಮೇಡಂ."

ನವಲಗುಂದದಿಂದ ಮೊರಬದ ದಾರಿಯನ್ನು ಸುಧಾರಾಣಿ ಹತ್ತಾರು ಸಲ ಓಡಾಡಿದ್ದಳು. ಅವತ್ತು ಅದು ಮುಗಿಯಲೊಲ್ಲದು. ಸೈರನ್ ಹಾಕಬೇಡ ಎಂದು ಲಕ್ಷ್ಮಣಪ್ಪನಿಗೆ ಹೇಳಿದಳು. ಕಣ್ಣು ಕಾಣದವನಿಗೆ ಕಿವಿ ಚುರುಕು. ಸದ್ದು ಕೇಳಿ ಗಾಬರಿಯಾದರೆ ಮುಚ್ಚಳ ತೆಗೆಯಲು ಎಷ್ಟು ಹೊತ್ತು? ಹುಲ್ಲಿನ ಟ್ರ್ಯಾಕ್ಟರೊಂದು ದಾರಿ ಕೊಡದೆ ಮುಂದೆ ಮುಂದೆ ಹೋಗುತ್ತಿತ್ತು. ಅವಳು ಎರಡೂ ಕೈಯಿಂದ ಸೀಟಿನ ಅಂಚು ಹಿಡಿದು ಕೂತಿದ್ದಳು. ಹೊರಗಿನವರು ಯಾರು ಬಂದರು ಎಂದು ಮೂರು ದಿನದಿಂದ ಕೇಳುತ್ತಿದ್ದವಳು ತಾನೇ. ಎಲ್ಲರೂ ಸರಿಯಾಗಿಯೇ ಉತ್ತರ ಕೊಟ್ಟಿದ್ದರು.

ಜೀಪನ್ನು ಓಣಿಯ ಬಾಯಲ್ಲೇ ನಿಲ್ಲಿಸಿ, ಬೂಟು ಬಿಚ್ಚಿಟ್ಟು, ಹಿತ್ತಲಿಗೆ ಬಂದಳು. ಕಿಟಕಿ ತೆರೆದಿತ್ತು. ಸರಳಿನ ಒಳಗೆ ಕಂಡದ್ದು ಹೀಗೆ: ಶಿದ್ಲಿಂಗಪ್ಪ ಮಂಚದ ಅಂಚಿನಲ್ಲಿ ಕೂತಿದ್ದರು. ಎದುರಿಗೆ ಕುರ್ಚಿಯಲ್ಲಿ ಮುದಕಪ್ಪ, ತೊಡೆಯ ಮೇಲೆ ಬಟ್ಟೆ ಚೀಲ. ಅವನ ಬಲಗೈ ಚೀಲದೊಳಗಿತ್ತು. ಎಡಗೈ ಶಿದ್ಲಿಂಗಪ್ಪನವರ ಮುಖದ ಮೇಲಿತ್ತು.

"ಅಲ್ಲಾಡಬ್ಯಾಡೋ," ಮುದಕಪ್ಪ ಹೇಳುತ್ತಿದ್ದ. "ಎಷ್ಟ ದಿನಾ ಆತು ನಿನ್ನ ಮಾರಿ ಮುಟ್ಟಿ."

ಬೆರಳ ತುದಿಗಳು ಹಣೆಯಿಂದ ಇಳಿದವು, ಹುಬ್ಬಿನ ಉದ್ದಕ್ಕೆ ಸರಿದವು, ರೆಪ್ಪೆಯ ಮೇಲೆ ನಿಂತವು. ಶಿದ್ಲಿಂಗಪ್ಪ ಕಣ್ಣು ಮುಚ್ಚಿ ಕೂತಿದ್ದರು. ಚಿತ್ರಗಳ ಕಣ್ಣು ಕಿತ್ತವನು ಯಾರೆಂದು ಅವರಿಗೆ ಅರ್ಥವಾಗಿತ್ತು. ಚೀಲದೊಳಗೆ ಗಾಜಿಗೆ ಗಾಜು ತಿಕ್ಕಿದ ಸಣ್ಣ ಸದ್ದು. ಬಿರಡೆ ತಿರುಗುತ್ತಿತ್ತು.

ಪಡಸಾಲೆಯ ಕಡೆಯಿಂದ ಬಾಗಿಲು ಬಡಿದ ಸಪ್ಪಳವಾಯಿತು. ರೇಣುಕವ್ವ. ಫಕೀರೇಶ ಬೇಡವೆಂದರೂ ಕೇಳದೆ ಬಂದಿದ್ದಳು. "ಮುದಕಪ್ಪಣ್ಣಾ, ಚಾ ತಂದೀನಿ. ಬಾಗಲಾ ತೆಗಿಯಪಾ." ದನಿಯನ್ನು ದಿನದ ದನಿಯಂತೆ ಇಟ್ಟುಕೊಳ್ಳಲು ಆಕೆ ಎಷ್ಟು ಒದ್ದಾಡುತ್ತಿದ್ದಳೆಂದು ಸುಧಾರಾಣಿಗೆ ಗೊತ್ತಾಗುತ್ತಿತ್ತು.

ಮುದಕಪ್ಪನ ಕೈ ತಡೆಯಿತು. "ಅಲ್ಲೆ ಇಡವಾ ತಂಗಿ. ಆಮ್ಯಾಲೆ ಕುಡೀತೇವಿ."

ಸುಧಾರಾಣಿ ಸರಳಿಗೆ ಬಾಯಿ ತಂದು, ಮೆಲ್ಲಗೆ ಹೇಳಿದಳು: "ಮುದಕಪ್ಪ ಕಾಕಾ, ಬರ್ಕ್ ಸಾಹೇಬ ಅಲ್ಲೆ ಗ್ವಾಡಿ ಮ್ಯಾಲೆ ಇಲ್ರಿ. ಅವತ್ತೂ ಇರಲಿಲ್ಲ."

ಅವನು ಹೊರಳಿದ. ಮುಖ ಕಿಟಕಿಯ ಕಡೆ ಬಂತು, ಆದರೆ ಕಣ್ಣುಗಳು ಅವಳ ಭುಜದಾಚೆ ಎಲ್ಲೋ ನಿಂತವು.

"ನಿಮಗ ಕಾಣಾಂಗಿಲ್ಲ ಅಂತ ನನಗ ಗೊತ್ತಾಗೇತ್ರಿ," ಎಂದಳು. "ಬಾಟ್ಲಿ ಕೆಳಗ ಇಡ್ರಿ."

ಶಿದ್ಲಿಂಗಪ್ಪ ಕಣ್ಣು ತೆರೆದರು. ತಮ್ಮ ರೆಪ್ಪೆಯಿಂದ ನಾಲ್ಕು ಬೆರಳು ದೂರದಲ್ಲಿದ್ದ ಗೆಳೆಯನ ಮುಖ ನೋಡಿದರು.

"ಕಾಣಾಂಗಿಲ್ಲ?" ಎಂದರು. "ಮುದಕಪ್ಪಾ, ನಿನಗ ಕಾಣಾಂಗಿಲ್ಲೇನೋ? ಯಾವಾಗಿಂದ? ನನಗ್ಯಾಕ ಹೇಳಲಿಲ್ಲೋ ಹುಚ್ಚ?"

ಮುದಕಪ್ಪನ ಬಲಗೈ ಚೀಲದಿಂದ ಬಾಟಲಿಯ ಸಮೇತ ಮೇಲೆದ್ದಿತು. ಬಿರಡೆ ಇರಲಿಲ್ಲ. ಶಿದ್ಲಿಂಗಪ್ಪ ಹಿಂದೆ ಸರಿಯಲಿಲ್ಲ. ಎರಡೂ ಕೈಯಿಂದ ಆ ಕೈಯನ್ನು ಮಣಿಕಟ್ಟಿನ ಮೇಲೆ ಹಿಡಿದು ಕೆಳಗೆ ಒತ್ತಿದರು. ಬಾಟಲಿ ಒಲೆದು ಅವರ ಎಡ ಮುಂಗೈ ಮೇಲೆ ತುಳುಕಿತು. ಅವರು ಚೀರಿದರು, ಬಿಡಲಿಲ್ಲ. ಮುದಕಪ್ಪನೇ ಬೆರಳು ಸಡಿಲಿಸಿದ. ಬಾಟಲಿ ನೆಲಕ್ಕುರುಳಿ ಫರಸಿ ಕಲ್ಲಿನ ಮೇಲೆ ಬುಸುಗುಟ್ಟಿತು.

ಫಕೀರೇಶನೂ ಲಕ್ಷ್ಮಣಪ್ಪನೂ ಬಾಗಿಲಿಗೆ ಹೆಗಲು ಕೊಟ್ಟು ಚಿಲಕ ಕಿತ್ತರು. ರೇಣುಕವ್ವ ಕೊಡಗಟ್ಟಲೆ ನೀರನ್ನು ಗಂಡನ ಕೈ ಮೇಲೆ ಸುರಿದಳು, ಆಂಬ್ಯುಲೆನ್ಸ್ ಬರುವವರೆಗೂ ನಿಲ್ಲಿಸಲಿಲ್ಲ. ಮುದಕಪ್ಪ ಕುರ್ಚಿಯಲ್ಲೇ ಇದ್ದ. ಮಧ್ಯಾಹ್ನ ಮೂರೂ ಇಪ್ಪತ್ತಕ್ಕೆ ಅವನ ದಸ್ತಗಿರಿಯಾಯಿತು. ಎದ್ದು ನಿಂತಾಗ ಅವನು ಕೈ ಚಾಚಿದ್ದನ್ನು ಕೋಳಕ್ಕೆಂದು ತಿಳಿದ ಲಕ್ಷ್ಮಣಪ್ಪ. ಅವನು ಹಿಡಿದುಕೊಳ್ಳಲು ಯಾರಾದರೂ ಸಿಗಲಿ ಎಂದು ಚಾಚಿದ್ದ. ಸುಧಾರಾಣಿ ಅವನ ಮೊಳಕೈ ಹಿಡಿದು ಹೊಸ್ತಿಲು ದಾಟಿಸಿದಳು.

ಅವನ ಮನೆಯ ತಪಾಸಣೆಯಲ್ಲಿ ಒಂದು ಬ್ಲೇಡು, ಕೊರೆಯುವ ಉಳಿಗಳು, ಹುಬ್ಬಳ್ಳಿಯ ಕಣ್ಣಿನ ಆಸ್ಪತ್ರೆಯೊಂದರ ಚೀಟಿ ಸಿಕ್ಕವು. ಕಣ್ಣಿನ ಒತ್ತಡದಿಂದ ನರ ಒಣಗಿದೆ, ಹೋದ ದೃಷ್ಟಿ ಮರಳುವುದಿಲ್ಲ ಎಂದು ವೈದ್ಯರು ಎರಡು ವರ್ಷದ ಹಿಂದೆಯೇ ಹೇಳಿದ್ದರು. ಅವನು ಒಬ್ಬನೇ ಹೋಗಿ ತೋರಿಸಿಕೊಂಡು ಬಂದಿದ್ದ. ಹೆಂಡತಿ ಹನಮವ್ವನಿಗೂ ಗೊತ್ತಿರಲಿಲ್ಲ. ಹಿಂಬಾಗಿಲಿನಿಂದ ಬಚ್ಚಲವರೆಗೆ ಒಂದು ಹಗ್ಗ ಕಟ್ಟಿತ್ತು.

"ಅರಿವಿ ಒಣಗಸಾಕ ಅಂತ ಹೇಳಿ ಅವರ ಕಟ್ಟಿದ್ದರ್ರಿ," ಎಂದಳು ಹನಮವ್ವ. ಸ್ವಲ್ಪ ಹೊತ್ತು ಹಗ್ಗವನ್ನೇ ನೋಡಿ, "ಒಂದ ದಿನಾನೂ ನನಗ ಅರಿವಿ ಹಾಕಗೊಡಲಿಲ್ರಿ," ಎಂದು ಅಳತೊಡಗಿದಳು.

ಶಿದ್ಲಿಂಗಪ್ಪನವರ ಕಣ್ಣಿಗೆ ಏನೂ ಆಗಿರಲಿಲ್ಲ. ಕೈಯ ಗಾಯ ಮಾಯಲು ತಿಂಗಳುಗಟ್ಟಲೆ ಬೇಕು ಎಂದರು ವೈದ್ಯರು. ಆಸ್ಪತ್ರೆಯ ಹಾಸಿಗೆಯಿಂದ ಅವರು ಸುಧಾರಾಣಿಗೆ ಹೇಳಿದ್ದು ಒಂದೇ ಮಾತು: "ಲಾಕಪ್ಪಿನಾಗ ಅವಗ ನೀರಿನ ಗಡಿಗಿ ಎಲ್ಲೈತಿ ಅಂತ ಕೈ ಹಿಡದು ತೋರಸ್ರಿ."

ಆಸಿಡ್ ಎರಚಲು ಯತ್ನಿಸಿ ಗಾಯಪಡಿಸಿದ ಕಲಮನ್ನೂ ಸೇರಿಸಲಾಯಿತು. ಶನಿವಾರ ಮಧ್ಯಾಹ್ನ, ನ್ಯಾಯಾಧೀಶರ ಮುಂದೆ ಹಾಜರುಪಡಿಸುವ ಮೊದಲು, ಸುಧಾರಾಣಿ ಮುದಕಪ್ಪನ ಹೇಳಿಕೆಯನ್ನು ಲಕ್ಷ್ಮಣಪ್ಪನಿಂದ ಬರೆಸಿದಳು.

"ಚಿತ್ರದ ಕಣ್ಣು ಯಾಕ ಕಿತ್ತಿರಿ?"

"ಮೊದಲ ಮೊದಲ ಬೆರಳಿಲೆ ತಡವಿ ಯಾರು ಯಾರು ಅಂತ ಗುರುತ ಹಿಡೀತಿದ್ದೆ. ಒಂದ ದಿನ ಶಿದ್ಲಿಂಗ ಹೊಸಾದೊಂದು ತಂದು, ಇವ ಯಾರ ಹೇಳು ನೋಡೂಣು ಅಂದ. ಗಾಜಿನ ಒಳಗಿತ್ತು. ತಪ್ಪು ಹೇಳಿದೆ. ಅವ ನಕ್ಕ. ಚ್ಯಾಷ್ಟಿಗೆ ನಕ್ಕಾನ, ಅವಗೇನು ಗೊತ್ತು. ಅವತ್ತಿಂದ ಆ ಖೋಲ್ಯಾಗ ಕುಂತ್ರ ಅವರೆಲ್ಲಾರೂ ನನ್ನ ನೋಡಾಕತ್ತಾರ, ನನಗಷ್ಟ ಕಾಣವಲ್ರು ಅನಸ್ತಿತ್ರಿ. ಸೈಸಾಕ ಆಗಲಿಲ್ಲ. ಲಗ್ನದ ಫೋಟೋದಾಗ ಅವನ ಮಾರಿ ಎಲ್ಲೈತಿ ಅಂತ ಅಳತಿ ನನ್ನ ಬೆರಳಿಗೇ ಗೊತ್ತಿತ್ತು."

"ಶಿದ್ಲಿಂಗಪ್ಪನವರ ಮ್ಯಾಲೆ ಏನು ಸಿಟ್ಟ ಇತ್ತು?"

"ಸಿಟ್ಟ?" ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅವನ ಮ್ಯಾಲೆ ನನಗ್ಯಾಕ್ರಿ ಸಿಟ್ಟು? ಮೂವತ್ತು ವರ್ಷ ಒಂದ ಮೇಜಿನ ಮ್ಯಾಲೆ ಕೆಲಸಾ ಮಾಡೇವಿ."

"ಮತ್ತ್ಯಾಕ?"

ಮುದಕಪ್ಪನ ಬೆರಳುಗಳು ಮೇಜಿನ ಅಂಚಿನ ಮೇಲೆ ಅತ್ತಿತ್ತ ಸರಿಯುತ್ತಿದ್ದವು.

"ನಿಮಗ ಗೊತ್ತಾಗಾಂಗಿಲ್ಲ ಬಾಯಾರ. ದಿನಾ ಮುಂಜಾನೆ ಏಳತಿದ್ದೆ, ನಿನ್ನೆ ಕಂಡಿದ್ದು ಇವತ್ತ ಇರತಿರಲಿಲ್ಲ. ಸುತ್ತೆಲ್ಲ ಕಪ್ಪ ಬಂದು ನಡುವ ಒಂದೀಟು ಉಳದಿತ್ತು. ಆಮ್ಯಾಲೆ ಅದೂ ಹ್ವಾತು. ಭಾಳ ಅಂಜಿಕಿ ಬಂತ್ರಿ. ಒಬ್ಬಾವ ಹೆಂಗ ಇರ್ಲಿ ಆ ಕತ್ತಲದಾಗ? ಹೆಂಡ್ರು ಮಕ್ಕಳಿಗೆ ಆ ಜಾಗಾ ಬ್ಯಾಡನಸ್ತು. ಶಿದ್ಲಿಂಗ ಒಬ್ಬಾವ ಬಂದ್ರ ಸಾಕಿತ್ತು. ಇಬ್ಬರೂ ಕುಂತು ಮಾತಾಡತಿದ್ವಿ."

ಲಕ್ಷ್ಮಣಪ್ಪ ಬರೆಯುವುದನ್ನು ನಿಲ್ಲಿಸಿ ಸುಧಾರಾಣಿಯ ಮುಖ ನೋಡಿದ. ಅವಳು ಬರಿ ಎಂಬಂತೆ ತಲೆಯಾಡಿಸಿದಳು. ಅವನು ಬರೆದ.

"ಹೊರಗ ಇನ್ನೂ ಬೆಳಕ ಐತೇನ್ರಿ?" ಮುದಕಪ್ಪ ಕೇಳಿದ.

ಠಾಣೆಯ ಅಂಗಳದಲ್ಲಿ ಎರಡು ಗಂಟೆಯ ಬಿಸಿಲು ಉರಿಯುತ್ತಿತ್ತು. ಅವನ ಮೊಣಕಾಲ ಮೇಲೂ ಒಂದು ತುಂಡು ಬಿದ್ದಿತ್ತು.

"ಐತ್ರಿ ಕಾಕಾ," ಎಂದಳು ಸುಧಾರಾಣಿ.